ತಣ್ಣಗಿನ ಪೈಪು, ಎರಡು ಭಾಷೆಯ ಜಗಳ

ನಾಲ್ಕನೇ ಮಹಡಿ

ನ್ಯೂಯಾರ್ಕಿನಲ್ಲಿ ನಾನು ಚಳಿಗೆ ನಡುಗಿದ್ದು ಬೀದಿಯಲ್ಲಲ್ಲ, ಮನೆಯೊಳಗೆ. ಬಸವೇಶ್ವರನಗರದಲ್ಲಿ ನಮ್ಮ ಪಕ್ಕದ ಪೋರ್ಷನ್ನಿನ ಆಂಟಿ, ಅಮೆರಿಕಾ ನೋಡಿ ಬಂದವರು, "ಅಲ್ಲಿ ಚಳಿ ಏನಿದ್ರೂ ಹೊರಗಡೆ ಕಣ್ರೀ. ಮನೆ ಒಳಗೆ ನೈಟೀಲಿ ಓಡಾಡ್ಬೋದು" ಎಂದು ಧೈರ್ಯ ತುಂಬಿ ಕಳಿಸಿದ್ದರು. ಅವರ ಮಾತು ನಂಬಿ ಒಂದೇ ಸ್ವೆಟರ್ ತುಂಬಿಕೊಂಡಿದ್ದೆ. ಪೆಟ್ಟಿಗೆಯ ಉಳಿದ ಜಾಗವನ್ನೆಲ್ಲ ಚಟ್ನಿಪುಡಿ, ಅವಲಕ್ಕಿ, ಹುರಿಗಡಲೆ ಹಿಡಿದುಕೊಂಡಿದ್ದವು.

ಹಳೇ ಇಟ್ಟಿಗೆ ಕಟ್ಟಡದ ನಾಲ್ಕನೇ ಮಹಡಿಗೆ ಆ ಪೆಟ್ಟಿಗೆಯನ್ನು ಎಳೆದುಕೊಂಡು ಹತ್ತಿ, ಉಸಿರು ಬಿಡುತ್ತಾ ಬಾಗಿಲು ತಟ್ಟಿದೆ. ಬಾಗಿಲು ತೆಗೆದ ಮಿರಿಯಂ ಮಂಡಿವರೆಗಿನ ಕೋಟು, ಉಣ್ಣೆ ಟೋಪಿ, ಕುತ್ತಿಗೆಗೆ ಎರಡು ಸುತ್ತು ಮಫ್ಲರ್ ಹಾಕಿಕೊಂಡಿದ್ದರು. ಎಂಬತ್ತರ ಹತ್ತಿರದ, ಗಾಳಿಗೆ ಹಾರಿಹೋಗುವಷ್ಟು ತೆಳ್ಳಗಿನ ಹೆಂಗಸು.

"ಎಲ್ಲಿಗೋ ಹೊರಟಿದ್ದೀರಿ ಅನ್ಸುತ್ತೆ. ನಾನು ಇಲ್ಲೇ ಕಾಯ್ತೀನಿ," ಎಂದೆ.

"ಎಲ್ಲಿಗೂ ಇಲ್ಲ. ಈಗ ತಾನೇ ಅಡುಗೆಮನೆಯಿಂದ ಬಂದೆ," ಎಂದರು ಅವರು.

ನಾವು ಮಾತಾಡಿದ್ದೆಲ್ಲ ಇಂಗ್ಲಿಷಿನಲ್ಲೇ. ಅದು ನನ್ನ ಕಿವಿಗೆ ಹೇಗೆ ಕೇಳಿಸಿತೋ ಹಾಗೆ ನಮ್ಮ ಮಾತಿನಲ್ಲಿ ಬರೆಯುತ್ತಿದ್ದೇನೆ.

ವಿಷಯ ಇಷ್ಟು. ಆ ಊರಲ್ಲಿ ಚಳಿಗಾಲಕ್ಕೆ ಮನೆ ಬೆಚ್ಚಗಿಡುವುದು ಓನರಿನ ಹೊಣೆ. ನೆಲಮಾಳಿಗೆಯ ಬಾಯ್ಲರಿನಿಂದ ಹಬೆ ಎದ್ದು, ಗೋಡೆಯೊಳಗಿನ ಪೈಪುಗಳಲ್ಲಿ ಹರಿದು, ಪ್ರತಿ ಕೋಣೆಯ ಕಿಟಕಿ ಕೆಳಗಿರುವ ಕಬ್ಬಿಣದ ಹೀಟರಿಗೆ ಬರುತ್ತದೆ. ಈ ಕಟ್ಟಡದ ಹೊಸ ಓನರಿಗೆ ಹಳೇ ಬಾಡಿಗೆದಾರರು ಖಾಲಿ ಮಾಡಬೇಕಿತ್ತು. ಕಾನೂನು ಬಾಡಿಗೆದಾರರ ಕಡೆಗಿದ್ದುದರಿಂದ ಕೇಸು ಹಾಕಿದರೂ ಬೇಗ ಬಿಡಿಸಲು ಆಗುತ್ತಿರಲಿಲ್ಲ. ಹಾಗಾಗಿ ಚಳಿ ಶುರುವಾದ ಮೇಲೆ ಬಾಯ್ಲರ್ "ಕೆಟ್ಟಿತು". ಬಿಡಿಭಾಗ ಬರಬೇಕು ಅಂತ ಕಾರಣ ಹೇಳುತ್ತಲೇ ಇದ್ದ.

"ನಮ್ಮೂರಲ್ಲೂ ಇದೇ. ಅಲ್ಲಿ ಓನರ್ ಸಂಪಿನ ಮೋಟರ್ ಆಫ್ ಮಾಡ್ತಾನೆ. ಎರಡು ದಿನ ನಲ್ಲೀಲಿ ನೀರು ಬರ್ಲಿಲ್ಲ ಅಂದ್ರೆ ಮೂರನೇ ದಿನ ಮನೆ ಹುಡುಕೋಕೆ ಶುರು ಮಾಡ್ತೀವಿ," ಎಂದೆ.

ಮಿರಿಯಂ ಮುಖ ಅರಳಿತು. ಭೂಮಿಯ ಆ ಕಡೆಯೂ ಓನರುಗಳ ಬುದ್ಧಿ ಒಂದೇ ಎಂದು ಗೊತ್ತಾದದ್ದು ಅವರಿಗೆ ಸಮಾಧಾನ ಕೊಟ್ಟ ಹಾಗಿತ್ತು. ಬೀರುವಿನಿಂದ ಸತ್ತುಹೋದ ತಮ್ಮ ಗಂಡನ ಸ್ವೆಟರ್ ತೆಗೆದುಕೊಟ್ಟರು. ಅದರ ತೋಳು ನನ್ನ ಬೆರಳಿನ ತುದಿ ದಾಟಿ ತೂಗುತ್ತಿತ್ತು.

ನಾನು ಅಲ್ಲಿಗೆ ಹೋಗಿದ್ದು ಎರಡು ಪದ್ಯಗಳ ಹಿಂದೆ ಬಿದ್ದು. ವಿಜಯನಗರದ ಒಂದು ಕಾಲೇಜಿನಲ್ಲಿ ಕನ್ನಡ ಪಾಠ ಮಾಡುತ್ತೇನೆ. ಭಾನುವಾರ ಮಧ್ಯಾಹ್ನ ನಾಯಂಡಹಳ್ಳಿಯ ಒಂದು ಟೈರ್ ಅಂಗಡಿ ಮೇಲಿನ ಕೋಣೆಯಲ್ಲಿ ಗಾರ್ಮೆಂಟ್ಸಿಗೆ ಹೋಗುವ ಹೆಣ್ಣುಮಕ್ಕಳ ಜೊತೆ ಸೇರಿ ಕಥೆ, ಪದ್ಯ ಓದುತ್ತೇವೆ, ಬೀದಿನಾಟಕ ಕಟ್ಟುತ್ತೇವೆ. ಹಾಗೆ ಓದಲು ಹುಡುಕುವಾಗ ಗೆಳತಿಯೊಬ್ಬಳಿಂದ ಒಂದು ತೆಳ್ಳನೆ ಇಂಗ್ಲಿಷ್ ಪುಸ್ತಿಕೆ ಕೈಗೆ ಬಂತು. ನ್ಯೂಯಾರ್ಕಿನ ಒಂದೇ ಬೀದಿಯಲ್ಲಿ ಬೇರೆಬೇರೆ ಕಾಲಕ್ಕೆ ಹೊಲಿಗೆ ಮಾಡಿದ ಹೆಂಗಸರು ಬರೆದ ಪದ್ಯಗಳು. ಮೊದಲು ಹೊಲಿದವರು ಪೂರ್ವ ಯುರೋಪಿನಿಂದ ಬಂದ ಯಹೂದಿಯರು, ಆಮೇಲೆ ಅದೇ ಮೆಷಿನುಗಳ ಮುಂದೆ ಕೂತವರು ಚೀನಾದಿಂದ ಬಂದವರು. ಪುಸ್ತಿಕೆ ಮಾಡಿದವರು ಮಿರಿಯಂ. ಅವರು ಶಾಲಾ ಟೀಚರಾಗಿ ರಿಟೈರಾದವರು.

ನನಗೆ ಅಂಟಿಕೊಂಡ ಎರಡು ಪದ್ಯಗಳಲ್ಲಿ ಒಂದನ್ನು ಬರೆದವರು ಮಿರಿಯಂ ಅವರ ತಾಯಿ, ಯಹೂದಿಗಳ ಮನೆಮಾತಾದ ಯಿಡ್ಡಿಷಿನಲ್ಲಿ. ಇನ್ನೊಂದನ್ನು ಬರೆದವರು ಮಿರಿಯಂ ಅವರ ಕೆಳಗಿನ ಮನೆಯ ಲಾಮ್ ಎಂಬ ಚೀನೀ ಹೆಂಗಸು. ಕನ್ನಡಕ್ಕೆ ತರುವಾಗ ಎರಡನೆಯದರಲ್ಲಿ ಸಿಕ್ಕಿಹಾಕಿಕೊಂಡೆ. ಮೇಲ್ ಬರೆದೆ. "ಬಂದು ಕೂತು ಕೇಳು, ಮೇಲಿನಲ್ಲಿ ಆಗೋ ಕೆಲಸ ಅಲ್ಲ," ಎಂದು ಉತ್ತರ ಬಂತು. ಮನೆ ಬೆಚ್ಚಗಿಲ್ಲ ಅನ್ನುವುದನ್ನು ಮಾತ್ರ ಬರೆದಿರಲಿಲ್ಲ.

ಹಾಲಿನ ಪಾತ್ರೆ

ಮರುದಿನ ಬೆಳಿಗ್ಗೆ ಮಿರಿಯಂ ಏಳುವ ಮೊದಲೇ ಎದ್ದು ಕಾಫಿ ಮಾಡೋಣ ಅಂತ ಅಡುಗೆಮನೆಗೆ ಹೋದೆ. ಕೈಗೆ ಸಿಕ್ಕ ಪಾತ್ರೆಯಲ್ಲಿ ಹಾಲು ಕಾಯಿಸಿ, ಕಾಫಿ ಬೆರೆಸಿ ಒಂದು ಗುಟುಕು ಕುಡಿದೆ. ಬಾಗಿಲಲ್ಲಿ ನಿಂತಿದ್ದ ಮಿರಿಯಂ "ಓ" ಎಂದರು. ಆ ಓಕಾರ ನನಗೆ ಚೆನ್ನಾಗಿ ಗೊತ್ತು. ನಮ್ಮಜ್ಜಿ ಮಡಿಯಲ್ಲಿದ್ದಾಗ ಅವರ ಸೀರೆಗೆ ನಾವು ಮಕ್ಕಳು ತಾಗಿದರೆ ಇದೇ ಓಕಾರ ಹೊರಡುತ್ತಿತ್ತು.

ಅವರ ಮನೆಯಲ್ಲಿ ಹಾಲಿನ ಪಾತ್ರೆ ಬೇರೆ, ಮಾಂಸದ ಪಾತ್ರೆ ಬೇರೆ. ಒಂದರದ್ದು ಇನ್ನೊಂದಕ್ಕೆ ಸೋಕುವ ಹಾಗಿಲ್ಲ. ಚಮಚ, ತಟ್ಟೆ, ಒರೆಸುವ ಬಟ್ಟೆ ಎಲ್ಲ ಎರಡೆರಡು. ನಾನು ಹಾಲು ಕಾಯಿಸಿದ್ದು ಮಾಂಸದ ಪಾತ್ರೆಯಲ್ಲಿ. ಹುಟ್ಟಾ ಸಸ್ಯಾಹಾರಿ ನಾನು. ಆ ಪಾತ್ರೆಯ ಕಾಫಿ ಗಂಟಲಲ್ಲೇ ನಿಂತುಬಿಟ್ಟಿತು. ಅವರಿಗೆ ಹಾಲು ಸೋಕಿದ್ದರ ಚಿಂತೆ, ನನಗೆ ಮಾಂಸ ಸೋಕಿದ್ದರ ಚಿಂತೆ. ಇಬ್ಬರೂ ಒಂದು ಕ್ಷಣ ಆ ಪಾತ್ರೆಯನ್ನೇ ನೋಡಿದೆವು. ಆಮೇಲೆ ಇಬ್ಬರಿಗೂ ನಗು ಬಂತು.

"ನಮ್ಮಜ್ಜಿ ಇದ್ದಿದ್ರೆ ಮುಸುರೆ ಅಂತಿದ್ರು," ಎಂದು ಆ ಪದ ವಿವರಿಸಿದೆ. ಅನ್ನ ಬೇಯಿಸಿದ ಪಾತ್ರೆ ಮುಟ್ಟಿದ ಕೈಯಲ್ಲಿ ಉಪ್ಪಿನಕಾಯಿ ಜಾಡಿ ಮುಟ್ಟಬಾರದು ಅನ್ನುವ ಆ ಲೋಕವನ್ನೆಲ್ಲ ಹೇಳಿದೆ.

ಮಿರಿಯಂ ಕಣ್ಣರಳಿಸಿ ಕೇಳಿದರು. "ನನಗೆ ದೇವರ ಮೇಲೆ ಅಷ್ಟೇನೂ ನಂಬಿಕೆ ಇಲ್ಲ. ಅಮ್ಮ ಇಟ್ಟ ಹಾಗೆ ಪಾತ್ರೆ ಇಟ್ಟಿದೀನಿ, ಅಷ್ಟೇ."

"ನಿಮ್ಮಮ್ಮನಿಗೆ ನಂಬಿಕೆ ಇತ್ತಾ?"

"ಅವಳಿಗೆ ನಂಬಿಕೆಗಿಂತ ತಕರಾರು ಜಾಸ್ತಿ ಇತ್ತು."

ಅವರಮ್ಮನ ಪದ್ಯದಲ್ಲಿ ಕಾಲರ್ ಹೊಲಿಯುವ ಹೆಂಗಸು ನೇರ ದೇವರನ್ನೇ ಕೇಳುತ್ತಾಳೆ: ನೀನೂ ಈ ಫ್ಲೋರಿನ ಸೂಪರ್‌ವೈಸರಾ? ಹಾಗಾದರೆ ಇಳಿದು ಬಾ, ಎದುರು ನಿಂತು ಉತ್ತರ ಕೊಡು. ಆ ಪದ್ಯದಲ್ಲಿ ಮೇಸ್ತ್ರಿಯ ಹೆಸರಿದೆ, ಬೀದಿಯ ಹೆಸರಿದೆ. ನಾಯಂಡಹಳ್ಳಿಯಲ್ಲಿ ನಾನಿದನ್ನು ಓದಿದಾಗ ಹೆಣ್ಣುಮಕ್ಕಳು ಬಿದ್ದುಬಿದ್ದು ನಕ್ಕಿದ್ದರು. ತಮ್ಮ ಲೈನಿನ ಸೂಪರ್‌ವೈಸರಿನ ಹೆಸರು ಹಾಕಿ ಇನ್ನೊಂದು ಸಲ ಓದಿಸಿದ್ದರು.

"ನಮ್ಮ ಕಡೆ ಇದು ಹಳೇ ಚಾಳಿ. ಅರಸನ ಅರಮನೆ ಬಾಗಿಲಲ್ಲಿ ನಿಂತು, ವಿಧವೆಯ ಮನೆ ಕಿತ್ಕೊಂಡವನು ನೀನೇ ಅಂತ ಬೆರಳು ತೋರಿಸ್ತಿದ್ದ ಪ್ರವಾದಿಗಳ ವಂಶ ನಮ್ದು. ಹೆಸರು ಹೇಳದೆ ದೂರು ಕೊಟ್ರೆ ಅಮ್ಮ ಅದನ್ನ ದೂರು ಅಂತಾನೇ ಒಪ್ತಿರಲಿಲ್ಲ," ಎಂದರು ಮಿರಿಯಂ.

ಹೇಳುತ್ತಾ ಕೆಮ್ಮಿದರು. ಆ ಕೆಮ್ಮು ನನಗೆ ಹಿಡಿಸಲಿಲ್ಲ.

ಕೆಳಗಿನ ಮನೆ

ಲಾಮ್ ಅವರ ಮನೆಯಲ್ಲಿ ಒಲೆ ಮೇಲೆ ಕೆಟಲ್ ಸದಾ ಕುದಿಯುತ್ತಿತ್ತು. ಕುಡಿಯಲು ಸ್ವಲ್ಪ, ಕೋಣೆ ಬೆಚ್ಚಗಾಗಲು ಉಳಿದದ್ದು. ಗುಂಡು ಮುಖದ, ಗಿಡ್ಡನೆ, ಎಪ್ಪತ್ತು ದಾಟಿದ ಹೆಂಗಸು. ಮೊದಲು ಕೇಳಿದ ಪ್ರಶ್ನೆ ನನ್ನ ವಯಸ್ಸು. ಹೇಳಿದೆ. "ಹಾಗಾದ್ರೆ ನೀನು ತಂಗಿ," ಎಂದು ತೀರ್ಮಾನಿಸಿದರು. ಕಟ್ಟಡದ ಚೀನೀಯರೆಲ್ಲ ಅವರನ್ನು "ಲಾಮ್ ಜೆ" ಅನ್ನುತ್ತಿದ್ದರು. ಜೆ ಅಂದರೆ ಅಕ್ಕ ಅಂತ ತಿಳಿದಾಗ ನನಗಾದ ಖುಷಿ ಹೇಳತೀರದು. ಆ ಊರಿಗೆ ಬಂದಾಗಿನಿಂದ ಎಲ್ಲರನ್ನೂ ಬರೀ ಹೆಸರು ಹಿಡಿದು ಕರೆದು ನಾಲಿಗೆಗೆ ಮುಜುಗರವಾಗಿತ್ತು. ಆವತ್ತಿನಿಂದ ಅವರು ನನಗೆ ಲಾಮ್ ಅಕ್ಕ.

ನಾನು ಮಾಂಸ ತಿನ್ನೋದಿಲ್ಲ ಎಂದಾಗ ತಲೆಯಾಡಿಸಿ ಕಡುಬಿನಂಥದ್ದನ್ನು ತಂದಿಟ್ಟರು. ಕಚ್ಚಿದರೆ ಸಿಗಡಿ. "ಇದು ಮಾಂಸ ಅಲ್ವಲ್ಲ," ಎಂದು ಅವರಿಗೆ ನಿಜಕ್ಕೂ ಆಶ್ಚರ್ಯ. ಸಿಗಡಿ ಮಿರಿಯಂಗೂ ನಿಷಿದ್ಧ ಅಂತ ಆಮೇಲೆ ಗೊತ್ತಾಯಿತು. "ಮೇಲಿನ ಮನೆಯವಳೂ ತಿನ್ನಲ್ಲ, ನೀನೂ ತಿನ್ನಲ್ಲ. ದೇವರುಗಳು ಸೇರಿ ನಿಮಗೆ ಹಸಿವು ಕಲಿಸ್ತಾ ಇದಾರೆ," ಎಂದು ಬೈದುಕೊಳ್ಳುತ್ತಲೇ ಸೊಪ್ಪು, ತೋಫು ಹುರಿದು ಕೊಟ್ಟರು.

ಊಟ ಆದ ಮೇಲೆ ಪದ್ಯ ಮುಂದಿಟ್ಟೆ. ಅವರು ಹೊಲಿಗೆಗೆ ಹೋಗುತ್ತಿದ್ದ ಕಾಲದಲ್ಲಿ ಆ ಬೀದಿಯ ಹೊಲಿಗೆ ಹೆಂಗಸರೆಲ್ಲ ಒಟ್ಟಿಗೆ ಕೆಲಸ ಬಿಟ್ಟು ಬೀದಿಗಿಳಿದಿದ್ದರಂತೆ. ಅದರ ಮೇಲಿನ ಪದ್ಯ. ಮೆಷಿನು ಮೌನ, ಮೆಟ್ಟಿಲ ಮೇಲೆ ಚಪ್ಪಲಿ ಸದ್ದು, ದಾರಿ ಬಿಟ್ಟ ಪಾರಿವಾಳ, ಅಷ್ಟೇ ಇದೆ. ಘೋಷಣೆ ಇಲ್ಲ, ಮಾಲೀಕ ಇಲ್ಲ. ಇಂಗ್ಲಿಷಿನಲ್ಲಿ ಮಿರಿಯಂ "ಅವರು ನಡೆದರು" ಅಂತ ಮಾಡಿದ್ದರು.

"ಇಲ್ಲಿ ನಡೆದಿದ್ದು ಯಾರು ಅಕ್ಕ? ನಾನು ನಡೆದೆ ಅನ್ಲಾ, ನಾವು ನಡೆದೆವು ಅನ್ಲಾ, ಅವರು ನಡೆದರು ಅನ್ಲಾ? ಕನ್ನಡದಲ್ಲಿ ಕ್ರಿಯಾಪದದ ಬಾಲದಲ್ಲೇ ಅದು ಗೊತ್ತಾಗಿಬಿಡುತ್ತೆ. ಮುಚ್ಚಿಡೋಕೆ ಆಗಲ್ಲ."

ಲಾಮ್ ಅಕ್ಕ ಯೋಚಿಸಿದರು. "ಚೀನೀ ಭಾಷೇಲಿ ಬಾಲ ಇಲ್ಲ. ನಡೆ, ಅಷ್ಟೇ. ಯಾರು ಅಂತ ಓದೋರಿಗೆ ಗೊತ್ತಾಗುತ್ತೆ."

"ಗೊತ್ತಾಗ್ದಿದ್ರೆ?"

"ನೀನು ಅಲ್ಲಿದ್ದಿದ್ರೆ ನಡೆದೆವು ಅಂತ ಓದ್ಕೋತಿದ್ದೆ. ಇಲ್ದಿದ್ರೆ ನಡೆದರು ಅಂತ. ನಾನ್ಯಾಕೆ ಹೇಳ್ಲಿ?"

ಇದು ಜಾಣತನವೋ ಹಿಂಜರಿಕೆಯೋ ನನಗೆ ತಿಳಿಯಲಿಲ್ಲ. ನನ್ನ ಮುಖ ನೋಡಿ ಅವರೇ ಬಿಡಿಸಿ ಹೇಳಿದರು. ತೀರಾ ಹಿಂದೆ ಅವರ ದೇಶದಲ್ಲಿ ಅರಸರು ಊರೂರಿಗೆ ಆಳು ಕಳಿಸಿ ಜನರ ಹಾಡು ಕೇಳಿಸಿಕೊಂಡು ಬರಲು ಹೇಳುತ್ತಿದ್ದರಂತೆ. ಹಾಡಿನಲ್ಲಿ ಇಲಿ ಧಾನ್ಯ ತಿಂತು ಅಂತ ಇದ್ದರೆ ತೆರಿಗೆ ಜಾಸ್ತಿಯಾಗಿದೆ ಅಂತ ಅರಮನೆ ಅರ್ಥ ಮಾಡಿಕೊಳ್ಳಬೇಕು. ಇಲಿ ಯಾರು ಅಂತ ಹಾಡಿದವನು ಹೇಳುವುದಿಲ್ಲ. ಹೇಳಿದರೆ ಅವನ ತಲೆ ಹೋಗುತ್ತದೆ. ಕೇಳಿದವನಿಗೆ ಅರ್ಥವಾಗದಿದ್ದರೆ ಅವನ ರಾಜ್ಯ ಹೋಗುತ್ತದೆ.

ನನ್ನ ಜೊತೆ ಬಂದಿದ್ದ ಮಿರಿಯಂ ಮೂಲೆಯಲ್ಲಿ ಚಹಾ ಕುಡಿಯುತ್ತಿದ್ದರು. "ಅರಸನಿಗೆ ಅರ್ಥ ಆಗೋವರೆಗೂ ಕಾಯ್ತಾ ಕೂತ್ರೆ ಚಳಿಗೆ ಸತ್ತೇ ಹೋಗ್ತೀವಿ, ಲಾಮ್."

"ನೀನು ಕೂಗಾಡಿದ್ದಕ್ಕೆ ಪೈಪು ಬಿಸಿ ಆಯ್ತಾ, ಮಿರಿಯಂ?"

ಇಬ್ಬರೂ ಹೀಗೆ ಎಷ್ಟೋ ವರ್ಷದಿಂದ ಜಗಳವಾಡುತ್ತಿದ್ದಾರೆ ಅನ್ನುವುದು ಅವರು ಒಬ್ಬರ ಕಪ್ಪಿಗೆ ಇನ್ನೊಬ್ಬರು ನೋಡದೆಯೇ ಚಹಾ ಬಗ್ಗಿಸಿದ್ದರಲ್ಲಿ ತಿಳಿಯುತ್ತಿತ್ತು.

ಹಳೇ ಬೀದಿ

ಒಂದು ದಿನ ಒಬ್ಬಳೇ ಸುತ್ತಾಡಲು ಹೋಗಿ ದಾರಿ ತಪ್ಪಿದೆ. ಚೀನೀ ಬೋರ್ಡುಗಳ ಬೀದಿ. ಮೀನಿನ ತೊಟ್ಟಿ, ಶುಂಠಿ ರಾಶಿ, ಕೆ.ಆರ್. ಮಾರ್ಕೆಟ್ಟಿನ ಹಾಗೇ ಕಾಲ ಕೆಳಗೆ ನೀರು. ಒಂದು ಹಳೇ ಕಟ್ಟಡದ ನೆತ್ತಿಯ ಮೇಲೆ ಯಹೂದಿಗಳ ಆರು ಮೂಲೆಯ ನಕ್ಷತ್ರ ಕಂಡಿತು. ಅವರ ಪ್ರಾರ್ಥನಾ ಮಂದಿರ ನೋಡೋಣ ಅಂತ ಒಳಗೆ ಹೋದರೆ ಊದುಬತ್ತಿ ವಾಸನೆ. ಎದುರಿಗೆ ಬುದ್ಧ ಕೂತಿದ್ದಾನೆ. ಮುಂದೆ ಕಿತ್ತಳೆ ಹಣ್ಣಿನ ಗೋಪುರ.

ಯಹೂದಿಗಳು ಬೇರೆ ಕಡೆ ಹೋದ ಮೇಲೆ ಚೀನೀಯರು ಕೊಂಡುಕೊಂಡರಂತೆ. ನಕ್ಷತ್ರ ತೆಗೆಯಲು ಯಾರಿಗೂ ಮನಸ್ಸು ಬಂದಿಲ್ಲ. ನಾನು ಅಭ್ಯಾಸಬಲದಿಂದ ಬುದ್ಧನಿಗೆ ಪ್ರದಕ್ಷಿಣೆ ಹಾಕಲು ಹೊರಟು, ಹಿಂದೆ ದಾರಿಯಿಲ್ಲದೆ ಸ್ಟೋರ್‌ರೂಮಿಗೆ ನುಗ್ಗಿದೆ. ಅಲ್ಲಿ ಊಟ ಮಾಡುತ್ತಿದ್ದ ಹೆಂಗಸು ಬೆಚ್ಚಿಬಿದ್ದು, ಆಮೇಲೆ ಒಂದು ಕಿತ್ತಳೆ ಕೊಟ್ಟು ಕಳಿಸಿದಳು.

ಲಾಮ್ ಅಕ್ಕ ಹೊಲಿಯುತ್ತಿದ್ದ ಕಟ್ಟಡವನ್ನೂ ಹುಡುಕಿದೆ. ಅವರಿಗಿಂತ ಮೊದಲು ಮಿರಿಯಂ ಅಮ್ಮನೂ ಅಲ್ಲೇ ಹೊಲಿಯುತ್ತಿದ್ದರಂತೆ. ಈಗ ಅದು ಜಿಮ್ಮು. ದೊಡ್ಡ ಕಿಟಕಿಯ ಹಿಂದೆ ಸಾಲಾಗಿ ಜನ ನಿಂತಲ್ಲೇ ಓಡುತ್ತಿದ್ದರು. ಮೈಸೂರು ರಸ್ತೆಯ ಫ್ಯಾಕ್ಟರಿ ಗೇಟುಗಳು ನೆನಪಾದವು. ಅವೂ ಮುಂದೆ ಏನಾಗುತ್ತವೋ ಅಂದುಕೊಂಡು ಕಿತ್ತಳೆ ಬಿಡಿಸಿ ತಿಂದೆ.

ಬಾಗಿಲ ಬಳಿಯ ಗೋಡೆ

ಕೋರ್ಟಿನ ದಿನ ಹತ್ತಿರವಾಗುತ್ತಿತ್ತು. ಬಾಡಿಗೆ ತಕರಾರು ಕೇಳುವುದಕ್ಕೇ ಅಲ್ಲಿ ಬೇರೆ ಕೋರ್ಟಿದೆ. ಕಟ್ಟಡದವರ ಪರವಾಗಿ ಮಿರಿಯಂ ಅರ್ಜಿ ಹಾಕಿದ್ದರು. ಆದರೆ ಸಹಿ ಮಾಡಿದವರು ಕಡಿಮೆ. ಅದರಲ್ಲೂ ಚೀನೀ ಮನೆಯವರು ಬಾಗಿಲನ್ನೇ ಪೂರ್ತಿ ತೆಗೆಯುತ್ತಿರಲಿಲ್ಲ. ಎಲ್ಲರಿಗೂ ಭಯ.

ಮಿರಿಯಂ ಒಂದು ದೊಡ್ಡ ಪೋಸ್ಟರ್ ಬರೆದರು. ಮೇಲೆ ಓನರಿನ ಹೆಸರು, ಕೆಳಗೆ "ನಮ್ಮನ್ನು ಚಳಿಯಲ್ಲಿ ಕೊಲ್ಲುತ್ತಿರುವವನು ಇವನೇ." ಚೀನೀ ಭಾಷೆಯಲ್ಲೂ ಬರೆದುಕೊಡು ಎಂದು ಲಾಮ್ ಅಕ್ಕನನ್ನು ಕೇಳಿದರು.

"ಬರೆಯಲ್ಲ."

"ಯಾಕೆ? ಸುಳ್ಳಾ?"

"ನಿಜಾನೇ. ಆದ್ರೂ ಗೋಡೆ ಮೇಲೆ ಮನುಷ್ಯನ ಹೆಸರು ಬರೆಯಲ್ಲ."

"ಇದಕ್ಕೇ ನಿಮ್ಮೋರು ಯಾರೂ ಬರ್ತಾ ಇಲ್ಲ. ನೀನೇ ಹೆದರಿದ್ರೆ ಅವರೇನು ಮಾಡ್ತಾರೆ?"

ಲಾಮ್ ಅಕ್ಕ ತಮ್ಮ ಮನೆಗೆ ಹೋಗಿ ಬಾಗಿಲು ಹಾಕಿಕೊಂಡರು. ಮಿರಿಯಂ ಒಬ್ಬರೇ ಹೋಗಿ ಕೆಳಗಿನ ಬಾಗಿಲ ಬಳಿ ಪೋಸ್ಟರ್ ಅಂಟಿಸಿದರು. ಕಟ್ಟಡ ನೋಡಿಕೊಳ್ಳುವವನು ಬಂದು, "ಸಾರಿ, ಹೆಸರಿರೋದು ಯಾವುದೂ ಇಡೋ ಹಾಗಿಲ್ಲ ಅಂತ ಆರ್ಡರ್ ಆಗಿದೆ," ಎಂದು ಅಂಟು ಒಣಗುವ ಮೊದಲೇ ಕಿತ್ತುಹಾಕಿದ.

ಸಂಜೆ ನಾನು ಕೆಳಗೆ ಹೋದೆ. ಕೆಟಲಿನ ಪಕ್ಕ ಕೂತು ಲಾಮ್ ಅಕ್ಕ ಸೊಪ್ಪು ಬಿಡಿಸುತ್ತಿದ್ದರು. ನಾನೂ ಒಂದು ಕಟ್ಟು ತೆಗೆದುಕೊಂಡೆ. ಸೊಪ್ಪು ಬಿಡಿಸುವಾಗ ಹೆಂಗಸರು ಹೇಳುವ ಮಾತು ಎಲ್ಲ ದೇಶದಲ್ಲೂ ಒಂದೇ ಥರ ಶುರುವಾಗುತ್ತದೆಯೋ ಏನೋ. ತಲೆ ಎತ್ತದೆಯೇ ಹೇಳಿದರು.

"ನಮ್ಮಪ್ಪ ಮೇಷ್ಟ್ರು. ನಾನು ಹೈಸ್ಕೂಲಲ್ಲಿದ್ದಾಗ ಒಂದು ಬೆಳಿಗ್ಗೆ ಶಾಲೆ ಗೋಡೆ ಮೇಲೆ ಅಪ್ಪನ ಹೆಸರು ಇತ್ತು. ಇಷ್ಟಿಷ್ಟು ದೊಡ್ಡ ಅಕ್ಷರ. ಜನದ್ರೋಹಿ ಅಂತ. ಕ್ರಾಂತಿ ಅಂತ ಆಗ ಚೀನಾದ ಊರೂರಲ್ಲೂ ಹಾಗೇ ಬರೀತಿದ್ರು. ಬರೆದವರು ನನ್ನ ಕ್ಲಾಸಿನವರೇ. ನ್ಯಾಯಕ್ಕೋಸ್ಕರ ಬರೀತಿದೀವಿ ಅಂತಾನೇ ಅವರೂ ನಂಬಿದ್ರು."

"ಅಪ್ಪ ಏನಂದ್ರು?"

"ಅನ್ನೋಕೆ ಬಿಟ್ರೆ ತಾನೇ? ಗೋಡೆ ಮಾತಾಡುತ್ತೆ, ಕೇಳಿಸಿಕೊಳ್ಳಲ್ಲ. ಆಮೇಲೆ ಅಪ್ಪ ಪಾಠ ಮಾಡ್ಲಿಲ್ಲ. ಮನೇಲೂ ಜಾಸ್ತಿ ಮಾತಾಡ್ಲಿಲ್ಲ."

ಸೊಪ್ಪು ಬಿಡಿಸಿದೆ.

"ಮಿರಿಯಂಗೆ ಇದು ಗೊತ್ತಾ?"

"ಇಲ್ಲ. ಕೇಳಿಲ್ಲ ಅವಳು. ಬೈಯ್ಯೋದ್ರಲ್ಲೇ ಟೈಮ್ ಆಗೋಗುತ್ತೆ."

ನಾನು ಹೇಳಲೇ ಎಂದು ಕೇಳಿದೆ. ಕಟ್ಟಿನ ಕೊನೆಯ ಸೊಪ್ಪು ಬಿಡಿಸಿಟ್ಟು "ಹೇಳು" ಎಂದರು. ಮೇಲೆ ಹೋಗಿ ಹೇಳಿದೆ. ಮಿರಿಯಂ ಮಫ್ಲರ್ ಬಿಚ್ಚಿ ಮತ್ತೆ ಸುತ್ತಿಕೊಂಡರು. "ಇಷ್ಟು ವರ್ಷ ಒಟ್ಟಿಗೆ ಚಹಾ ಕುಡಿದಿದೀವಿ," ಎಂದರು. ಆಮೇಲೆ ಮೆಟ್ಟಿಲಿಳಿದು ಹೋದರು. ನಾನು ಜೊತೆಗೆ ಹೋಗಲಿಲ್ಲ.

ಮರುದಿನ ಬೆಳಿಗ್ಗೆ ಅದೇ ಗೋಡೆಯ ಮೇಲೆ ಒಂದು ದೊಡ್ಡ ಬಿಳಿ ಹಾಳೆ ಇತ್ತು. ನಟ್ಟನಡುವೆ ಚೀನೀ ಅಕ್ಷರದಲ್ಲಿ ಲಾಮ್ ಅಕ್ಕನ ಹೊಸ ಪದ್ಯ, ಕೆಳಗೆ ಮಿರಿಯಂ ಕೈಬರಹದಲ್ಲಿ ಇಂಗ್ಲಿಷ್. ನನ್ನ ಕನ್ನಡ ಹೀಗಾಯಿತು:

ಕೆಟಲಿನ ಬಾಯಲ್ಲಿ ಹಬೆ,
ನಮ್ಮ ಬಾಯಲ್ಲೂ ಹಬೆ,
ಗೋಡೆಯೊಳಗಿನ ಕಬ್ಬಿಣ ಮಾತ್ರ
ಮಾತು ಮರೆತಿದೆ.

ಸುತ್ತಲೂ ಖಾಲಿ ಜಾಗ ಬಿಟ್ಟು, ಒಂದು ಪೆನ್ನನ್ನು ದಾರದಲ್ಲಿ ಕಟ್ಟಿ ತೂಗುಬಿಟ್ಟಿದ್ದರು. ಕಟ್ಟಡ ನೋಡಿಕೊಳ್ಳುವವನು ಬಂದು ಓದಿದ. ಹೆಸರು ಹುಡುಕಿದ. ಇರಲಿಲ್ಲ. "ಇದು ಪದ್ಯ ಅಷ್ಟೇ ಅಲ್ವಾ?" ಎಂದು ತನಗೆ ತಾನೇ ಹೇಳಿಕೊಂಡು ಹೋದ.

ಮಧ್ಯಾಹ್ನದ ಹೊತ್ತಿಗೆ ಯಾರೋ ಚೀನೀಯಲ್ಲಿ ಒಂದು ಸಾಲು ಸೇರಿಸಿದ್ದರು: ನಮ್ಮ ಮಗು ಟೋಪಿ ಹಾಕಿಕೊಂಡೇ ಮಲಗುತ್ತದೆ. ಇನ್ನೊಬ್ಬರು ಸ್ಪ್ಯಾನಿಷಿನಲ್ಲಿ: ಎಣ್ಣೆ ಶೀಶೆಯಲ್ಲೇ ಗಟ್ಟಿಯಾಗಿದೆ. ಮತ್ತೊಬ್ಬರು ಬಾಣದ ಗುರುತು ಹಾಕಿ: ಕಬ್ಬಿಣ ಮರೆತಿಲ್ಲ, ಮರೆಯಲು ಹೇಳಿಕೊಟ್ಟಿದ್ದಾರೆ. ನಾನೂ ಕನ್ನಡದಲ್ಲಿ ಬರೆದೆ: ಬಸವೇಶ್ವರನಗರದಲ್ಲಿ ನಲ್ಲಿಯೂ ಹೀಗೇ ಮಾತು ಮರೆಯುತ್ತದೆ. ಯಾರಿಗೂ ಅರ್ಥವಾಗದಿದ್ದರೂ ಯಾರೋ ಅದರ ಕೆಳಗೆ "ಹೌದು" ಅಂತ ಬರೆದಿದ್ದರು.

ಹಾಳೆ ತುಂಬಿದಾಗ ಮಿರಿಯಂ ಅದರ ಮುಂದೆ ಬಹಳ ಹೊತ್ತು ನಿಂತರು. "ನಮ್ಮ ಹಳೇ ಧರ್ಮಗ್ರಂಥದ ಪುಟ ಹೀಗೇ ಇರುತ್ತೆ. ನಡುವೆ ನಾಲ್ಕು ಸಾಲು. ಸುತ್ತ ತಲೆತಲಾಂತರದವರು ಬರೆದ ಜಗಳ. ಯಾರದ್ದನ್ನೂ ಅಳಿಸಲ್ಲ," ಎಂದರು.

ಆ ವಾರ ಅರ್ಜಿಗೆ ಸಹಿ ಹಾಕಲು ಬಾಗಿಲುಗಳು ಪೂರ್ತಿ ತೆರೆದವು.

ಕೋರ್ಟಿನ ದಿನ

ಕೋರ್ಟಿಗೆ ಹೋಗುವ ಬೆಳಿಗ್ಗೆ ಮಿರಿಯಂಗೆ ಸ್ವರವೇ ಇರಲಿಲ್ಲ. ಕೆಮ್ಮು ಗಂಟಲನ್ನು ಪೂರ್ತಿ ಕಟ್ಟಿತ್ತು. ಬಾಯಿ ತೆರೆದರೆ ಗಾಳಿ ಮಾತ್ರ ಬರುತ್ತಿತ್ತು. ರಾತ್ರಿಯೆಲ್ಲ ತಿದ್ದಿದ ಭಾಷಣ ಕೈಯಲ್ಲಿತ್ತು. ಅದನ್ನು ಲಾಮ್ ಅಕ್ಕನಿಗೆ ಚಾಚಿದರು. ಲಾಮ್ ಅಕ್ಕ ಅದನ್ನು ಮಡಿಸಿ ಮಿರಿಯಂ ಕೋಟಿನ ಜೇಬಿಗೇ ಇಟ್ಟರು.

"ಇದು ನಿನ್ನ ಮಾತು. ನನಗೆ ಬರೋದನ್ನ ನಾನು ಹೇಳ್ತೀನಿ."

ಕೋರ್ಟು ಅಂದರೆ ನಾನು ನಮ್ಮ ಸಿನಿಮಾದ ಕಟಕಟೆ ಊಹಿಸಿಕೊಂಡಿದ್ದೆ. ಅದು ತಾಲ್ಲೂಕು ಆಫೀಸಿನಂಥ ಕೋಣೆ. ಬೆಂಚು, ಫೈಲು, ಹೆಸರು ಕೂಗುವವನು. ಒಂದೇ ವ್ಯತ್ಯಾಸ, ಅಲ್ಲಿ ಹೀಟರ್ ಕೆಲಸ ಮಾಡುತ್ತಿತ್ತು. ನಮ್ಮ ಕಟ್ಟಡದವರೆಲ್ಲ ಬೆಂಚು ಬಿಟ್ಟು ಅದರ ಪಕ್ಕ ಹೋಗಿ ಗುಂಪಾಗಿ ನಿಂತುಬಿಟ್ಟರು.

ಓನರ್ ಬಂದಿದ್ದ. ನಾನು ಸಿನಿಮಾದ ವಿಲನ್ ಥರದವನನ್ನು ನಿರೀಕ್ಷಿಸಿದ್ದೆ. ಇವನು ನಿದ್ದೆಗೆಟ್ಟ ಕಣ್ಣಿನ ಸಾಧಾರಣ ಮನುಷ್ಯ. ಪದೇಪದೇ ಫೋನ್ ನೋಡುತ್ತಿದ್ದ. ಅವನ ವಕೀಲರು ಬಾಯ್ಲರಿನ ಬಿಡಿಭಾಗದ ಕಥೆ ಹೇಳಿದರು. ನ್ಯಾಯಾಧೀಶೆ ಲಾಮ್ ಅಕ್ಕನ ಕಡೆ ತಿರುಗಿದರು. ಕೋರ್ಟಿನವರೇ ಕೊಟ್ಟ ದುಭಾಷಿ ಪಕ್ಕದಲ್ಲಿ ನಿಂತಿದ್ದ.

ಲಾಮ್ ಅಕ್ಕ ಚೀನೀಯಲ್ಲಿ ಮಾತಾಡಿದರು. ತಗ್ಗಿದ ದನಿ, ನಿಧಾನ. ಅವರ ಕೈ ಮಾತ್ರ ಮೇಜಿನ ಅಂಚನ್ನು ಬಿಗಿಯಾಗಿ ಹಿಡಿದಿತ್ತು. ಮುಗಿಸಿದಾಗ ದುಭಾಷಿ ಇಂಗ್ಲಿಷಿನಲ್ಲಿ ಹೇಳಿದ: "ಇತ್ತೀಚೆಗೆ ಮನೆಯಲ್ಲಿ ಚಳಿಯಾಗುತ್ತಿದೆ ಅಂತ ಹೇಳ್ತಿದ್ದಾರೆ."

ಮಿರಿಯಂ ಸ್ವರವಿಲ್ಲದ ಗಂಟಲಲ್ಲಿ ಏನೋ ಒದ್ದಾಡಿದರು. ಲಾಮ್ ಅಕ್ಕ ದುಭಾಷಿಯತ್ತ ತಿರುಗಿ ನೋಡಿದರು. ಆಮೇಲೆ, ಅಂಗಡಿ ಬಸ್ಸುಗಳಲ್ಲಿ, ನಮ್ಮ ಜೊತೆ ಮಾತ್ರ ಬಳಸುತ್ತಿದ್ದ ತಮ್ಮ ತುಂಡು ಇಂಗ್ಲಿಷಿನಲ್ಲಿ ಹೇಳಿದರು.

"ಹಾಗೆ ಹೇಳ್ಲಿಲ್ಲ ನಾನು. ಚಳಿಯಾಗ್ತಿದೆ ಅನ್ಲಿಲ್ಲ. ನಮ್ಮನ್ನ ಚಳಿಯಲ್ಲಿ ಇಟ್ಟಿದಾರೆ ಅಂದೆ."

"ಯಾರು ಇಟ್ಟಿರೋದು?" ಎಂದು ನ್ಯಾಯಾಧೀಶೆ ಕೇಳಿದರು.

ಲಾಮ್ ಅಕ್ಕ ಓನರಿನ ಕಡೆ ತಿರುಗಿದರು. ಅವನು ಫೋನಿನಿಂದ ತಲೆ ಎತ್ತುವವರೆಗೂ ಕಾದರು. ಅವನು ನೋಡಿದ ಮೇಲೆ ಅವನ ಪೂರ್ತಿ ಹೆಸರು ಹೇಳಿದರು. ಬೈಗುಳವಿಲ್ಲ, ಬೆರಳು ತೋರಿಸಲಿಲ್ಲ. ಶಾಲೆಯಲ್ಲಿ ಮೇಷ್ಟ್ರು ಹಾಜರಿ ಕೂಗುವ ಹಾಗೆ ಹೇಳಿದರು.

"ಈಗ ಅವರು ಉತ್ತರ ಹೇಳ್ಲಿ. ನಾವು ಕೇಳಿಸ್ಕೋತೀವಿ," ಎಂದು ಸೇರಿಸಿದರು.

ಅವನು ವಕೀಲರ ಮುಖ ನೋಡಿದ. ನ್ಯಾಯಾಧೀಶೆ, "ನಿಮ್ಮನ್ನೇ ಕೇಳ್ತಿರೋದು," ಎಂದರು. ಬಿಡಿಭಾಗಕ್ಕೆ ಆರ್ಡರ್ ಕೊಟ್ಟಿದ್ದೀರಾ ಎಂದು ಅವರು ಕೇಳಿದಾಗ, ಕೊಡಬೇಕು ಅಂತ ಇದ್ದೀವಿ, ಎಂದ. ಅಷ್ಟು ಸಾಕಾಯಿತು. ಹಬೆ ಕೂಡಲೇ ಬರಬೇಕು ಅಂತ ಆದೇಶ. ಓನರ್ ಹಾಕಿದ್ದ ಮನೆ ಬಿಡಿಸುವ ಕೇಸು ಬೇರೆ, ಅದು ನಡೆಯುತ್ತದೆ, ಮುಂದಿನ ತಾರೀಕು ಕೊಟ್ಟರು.

ಹೊರಗೆ ಬಂದ ಮೇಲೆ ಲಾಮ್ ಅಕ್ಕ ಮೆಟ್ಟಿಲ ಮೇಲೆ ಕೂತರು. ಮಿರಿಯಂ ಪಕ್ಕದಲ್ಲಿ ಕೂತು ತಮ್ಮ ಮಫ್ಲರಿನ ಅರ್ಧ ಬಿಚ್ಚಿ ಅವರ ಕುತ್ತಿಗೆಗೂ ಸುತ್ತಿದರು.

"ಗೋಡೆ ಮೇಲೆ ಬರೆಯಲ್ಲ ಅಂತ ಅಷ್ಟು ಹಟ ಮಾಡಿದ್ರಿ. ಇಲ್ಲಿ ಹೇಗೆ ಹೇಳಿದ್ರಿ ಅಕ್ಕ?" ಎಂದು ಕೇಳಿದೆ.

"ಅವನು ಎದುರಿಗೇ ಇದ್ನಲ್ಲ. ಅಪ್ಪನಿಗೆ ಹೇಳೋಕೆ ಬಿಡ್ಲಿಲ್ಲ. ಇವನಿಗೆ ಬಿಟ್ವಿ," ಎಂದರು.

ಹೊರಡುವ ಮೊದಲು

ನಾನು ಹೊರಡುವುದಕ್ಕೆ ಸ್ವಲ್ಪ ಮೊದಲು, ಒಂದು ಬೆಳಿಗ್ಗೆ ಗೋಡೆಯೊಳಗೆ ಯಾರೋ ಸ್ಪ್ಯಾನರಿನಿಂದ ಹೊಡೆದ ಹಾಗೆ ಢಣ್ ಢಣ್ ಸದ್ದಾಯಿತು. ಪೈಪು ಒಡೆಯಿತು ಅಂತ ಹೆದರಿ ಸ್ವೆಟರಿನ ತೋಳು ಎಳೆದುಕೊಳ್ಳುತ್ತಾ ಹೊರಗೋಡಿದೆ. ಪ್ರತಿ ಮಹಡಿಯಲ್ಲೂ ಬಾಗಿಲು ತೆರೆದುಕೊಂಡಿತ್ತು. ಜನ ನೈಟ್‌ಡ್ರೆಸ್ಸಿನಲ್ಲಿ ಹೊಸ್ತಿಲಲ್ಲಿ ನಿಂತು ನಗುತ್ತಿದ್ದರು. ಹಬೆ ಮೊದಲ ಸಲ ಹತ್ತುವಾಗ ಪೈಪು ಹಾಗೇ ಸದ್ದು ಮಾಡುತ್ತದಂತೆ.

ಕೆಳಗಿನ ಬಾಗಿಲ ಬಳಿ ಮಿರಿಯಂ, ಲಾಮ್ ಅಕ್ಕ ಆಗಲೇ ಜಗಳಕ್ಕೆ ನಿಂತಿದ್ದರು.

"ಹಾಳೆ ತೆಗೀಬೇಕು. ಕಬ್ಬಿಣ ಮಾತಾಡಿದೆ. ಇನ್ನು ಆ ಪದ್ಯ ಸುಳ್ಳಾಗುತ್ತೆ," ಎಂದರು ಲಾಮ್ ಅಕ್ಕ.

"ತೆಗೀಬಾರದು. ತೆಗೆದ ದಿನವೇ ಅವನು ಮತ್ತೆ ಆಫ್ ಮಾಡ್ತಾನೆ," ಎಂದರು ಮಿರಿಯಂ. ಅರ್ಧ ಸ್ವರ ಮರಳಿ ಬಂದಿತ್ತು. ಅಷ್ಟನ್ನೂ ಖರ್ಚು ಮಾಡುತ್ತಿದ್ದರು.

ತೀರ್ಪಿಗಾಗಿ ಇಬ್ಬರೂ ನನ್ನ ಕಡೆ ನೋಡಿದರು. ನಾನು ನೆಲ ನೋಡಿದೆ. ಕೊನೆಗೆ ಲಾಮ್ ಅಕ್ಕ ದಾರದ ಪೆನ್ನು ಹಿಡಿದು, ತಮ್ಮದೇ ಪದ್ಯದ ಅಂಚಿನಲ್ಲಿ ಒಂದು ಸಾಲು ಸೇರಿಸಿದರು. ಇವತ್ತು ಮಾತಾಡಿತು, ನಾಳೆ... ಎಂದು ಬರೆದು ನಿಲ್ಲಿಸಿದರು. ಅಂಗೈ ಮೇಲೆ ನನಗೊಂದು ಅಕ್ಷರ ಬರೆದು ತೋರಿಸಿದರು. ಅದು ಬಾಗಿಲಿನ ಚಿತ್ರದಂತಿತ್ತು.

"ಇದು ಬಾಗಿಲು. ಒಳಗೆ ಕಿವಿ ಬರೆದ್ರೆ ಕೇಳಿಸಿಕೊಳ್ಳೋದು. ಬಾಯಿ ಬರೆದ್ರೆ ಪ್ರಶ್ನೆ ಹಾಕೋದು. ಯಾವುದು ಬರೀಲಿ ಅಂತ ಯೋಚಿಸ್ತಿದೀನಿ."

"ಬಾಯಿ," ಎಂದರು ಮಿರಿಯಂ ತಕ್ಷಣ.

ನನಗೆ ನಗು ತಡೆಯಲಾಗಲಿಲ್ಲ. "ನಮ್ಮ ಭಾಷೇಲಿ ಎರಡಕ್ಕೂ ಒಂದೇ ಮಾತು ಅಕ್ಕ. ಕೇಳೋದು. ಹಾಡನ್ನೂ ಕೇಳ್ತೀವಿ, ನ್ಯಾಯಾನೂ ಕೇಳ್ತೀವಿ."

ಇಬ್ಬರೂ ಜಗಳ ಮರೆತು ನನ್ನನ್ನು ನೋಡಿದರು. "ಅದು ಹೇಗೆ? ಗೊಂದಲ ಆಗಲ್ವಾ?" ಎಂದು ಮಿರಿಯಂ ಕೇಳಿದರು. ಆಗುತ್ತದೋ ಇಲ್ಲವೋ ನಾನು ಯಾವತ್ತೂ ಯೋಚಿಸಿರಲಿಲ್ಲ. ಲಾಮ್ ಅಕ್ಕ ಪೆನ್ನು ನನ್ನ ಕೈಗೆ ಕೊಟ್ಟು, ತಾವು ಬಿಟ್ಟ ಜಾಗ ತೋರಿಸಿದರು.

"ಹಾಗಾದ್ರೆ ಆ ಮಾತು ನೀನೇ ಬರಿ ತಂಗಿ. ನಿಮ್ಮ ಅಕ್ಷರದಲ್ಲೇ ಇರ್ಲಿ."

ಚೀನೀ ಸಾಲಿನ ಕೊನೆಯಲ್ಲಿ, ನಾಳೆ ಎಂಬುದರ ಪಕ್ಕ, ಕನ್ನಡದಲ್ಲಿ "ಕೇಳ್ತೀವಿ" ಎಂದು ಬರೆದೆ. ಲಾಮ್ ಅಕ್ಕ ಅದರ ದುಂಡು ತಿರುವುಗಳನ್ನು ಬೆರಳಿನಿಂದ ಒಮ್ಮೆ ಸವರಿದರು. ಮಿರಿಯಂ ಕಾಗುಣಿತ ಸರಿಯಿದೆಯಾ ಎಂಬಂತೆ ಕನ್ನಡಕ ಏರಿಸಿಕೊಂಡು ಹತ್ತಿರ ಬಂದರು.